ಸ್ಕಾಟ್ಲೆಂಡಿನ ಸಂಗೀತ ಹಬ್ಬಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಇವು ಪತ್ರಗಳಲ್ಲಿ, ಫೋನಿನಲ್ಲಿ, ಮನೆಗೆ ಬಂದವರ ಬಾಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು. ಬ್ರಿಟನ್ನಿಗೆ ಕೆಲಸಕ್ಕೆ ಬಂದವರು, ಓದಲು ಬಂದ ಹುಡುಗ ಹುಡುಗಿಯರು, ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರು, ಊರಲ್ಲೇ ಕೂತು ಯೂಟ್ಯೂಬ್‌ನಲ್ಲಿ ಕೇಳುವವರು, ಎಲ್ಲರದ್ದೂ ಇಲ್ಲಿದೆ. ಕೇಳಿದ ಮಾತನ್ನು ಕೇಳಿದ ಹಾಗೇ ಇಟ್ಟಿದ್ದೇನೆ. ಮೊದಲು ಸುಲಭದವು, ಕೊನೆಯಲ್ಲಿ ಸಂಗೀತ ಕಲಿತವರು ಕೇಳುವಂಥವು.

## ಮೊದಲ ಸಲ ಹೋಗುವವರಿಗೆ

ಸೆಲ್ಟಿಕ್ ಅಂದ್ರೂ ಸ್ಕಾಟಿಷ್ ಅಂದ್ರೂ ಒಂದೇನಾ?

ಅಲ್ಲ. ಸೆಲ್ಟಿಕ್ ಎನ್ನುವುದು ಮೊದಲಿಗೆ ಒಂದು ಭಾಷಾ ಕುಟುಂಬ. ಸ್ಕಾಟ್ಲೆಂಡಿನ ಗ್ಯಾಲಿಕ್, ಐರಿಶ್, ಮ್ಯಾಂಕ್ಸ್, ವೆಲ್ಶ್, ಕಾರ್ನಿಶ್ ಮತ್ತು ಫ್ರಾನ್ಸಿನ ಬ್ರಿಟನಿಯ ಬ್ರೆಟನ್, ಇವಿಷ್ಟೂ ಅದರೊಳಗೆ ಬರುತ್ತವೆ. ಈ ನಾಡುಗಳ ಸಂಗೀತವನ್ನೆಲ್ಲ ಒಟ್ಟಿಗೆ ಸೆಲ್ಟಿಕ್ ಸಂಗೀತ ಎಂದು ಕರೆಯುವ ರೂಢಿ ಜೋರಾಗಿದ್ದು ಈಚೆಗೆ, ಕ್ಯಾಸೆಟ್ಟು, ಹಬ್ಬಗಳ ಕಾಲದಲ್ಲಿ. ಬ್ರಿಟನಿಯ ಲೋರಿಯಾಂ ಊರಿನಲ್ಲಿ 1971ರಿಂದ ಈ ಎಲ್ಲ ನಾಡಿನವರೂ ಸೇರುವ ದೊಡ್ಡ ಹಬ್ಬ ನಡೆಯುತ್ತಿದೆ. ಆದರೆ ಒಬ್ಬ ವೆಲ್ಶ್ ಹಾಡುಗಾರನದ್ದೂ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಹಾಡುಗಾರ್ತಿಯದ್ದೂ ಒಂದೇ ಸಂಗೀತ ಅಂದುಕೊಂಡು ಹೋಗಬೇಡಿ. ಇನ್ನೊಂದು ವಿಷಯ, ಸ್ಕಾಟ್ಲೆಂಡಿನ ಸಂಗೀತವೆಲ್ಲ ಸೆಲ್ಟಿಕ್ ಕೂಡ ಅಲ್ಲ. ತಗ್ಗುನಾಡಿನ ಸ್ಕಾಟ್ಸ್ ಭಾಷೆಯ ಲಾವಣಿಗಳು ಇಂಗ್ಲಿಷಿಗೆ ಹತ್ತಿರದ ನಂಟಿನವು. ಶೆಟ್ಲಂಡ್ ದ್ವೀಪಗಳ ಪಿಟೀಲಿನಲ್ಲಿ ನಾರ್ವೆಯ ಗಾಳಿ ಇದೆ.

ಹಬ್ಬಗಳು ಬೇಕಾದಷ್ಟಿವೆ. ಒಂದೇ ಒಂದಕ್ಕೆ ಹೋಗೋದಾದ್ರೆ ಯಾವುದು?

ಮೊದಲ ಸಲಕ್ಕೆ ಗ್ಲಾಸ್ಗೋದ ಸೆಲ್ಟಿಕ್ ಕನೆಕ್ಷನ್ಸ್. 1994ರಲ್ಲಿ ಶುರುವಾಯಿತು, ಪ್ರತಿ ಜನವರಿಯಲ್ಲಿ ಎರಡು ವಾರಕ್ಕೂ ಜಾಸ್ತಿ ದಿನ ನಡೆಯುತ್ತದೆ, ಊರಿನ ಹತ್ತಾರು ಸಭಾಂಗಣಗಳಲ್ಲಿ ಒಂದೇ ಸಂಜೆ ಹಲವು ಕಛೇರಿ ಇರುತ್ತವೆ. ದೊಡ್ಡ ಹೆಸರಿನವರ ಟಿಕೆಟ್ಟಿಗೆ ಮುಗಿಬೀಳುವ ಬದಲು ನೂರಿನ್ನೂರು ಜನ ಹಿಡಿಯುವ ಚಿಕ್ಕ ಕೋಣೆಯ ಕಛೇರಿ ಒಂದನ್ನಾದರೂ ಆರಿಸಿ. ಈ ಸಂಗೀತ ಅಡುಗೆಮನೆಯಲ್ಲಿ, ಬೆಂಕಿಯ ಪಕ್ಕ ಬೆಳೆದದ್ದು. ಹತ್ತಿರ ಕೂತು ಕೇಳಿದಾಗ ಮಾತ್ರ ಬಿಲ್ಲಿನ ತುದಿ ಎಲ್ಲಿ ಒತ್ತುತ್ತದೆ, ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದು ಗೊತ್ತಾಗುತ್ತದೆ.

ಬೇಸಿಗೆಯಲ್ಲೇ ಬರುವವರಿಗೆ ಜುಲೈನಲ್ಲಿ ಲೂಯಿಸ್ ದ್ವೀಪದ ಸ್ಟಾರ್ನೋವೇಯಲ್ಲಿ ಹೆಬ್‌ಕೆಲ್ಟ್ ಇದೆ. 1996ರಿಂದ ನಡೆಯುತ್ತಿದೆ. ಊರಿನ ಕೋಟೆಯ ಅಂಗಳದಲ್ಲಿ ದೊಡ್ಡ ಡೇರೆ ಹಾಕುತ್ತಾರೆ. ಪೈಪ್ ಬ್ಯಾಂಡ್ ಹುಚ್ಚಿದ್ದರೆ ಆಗಸ್ಟ್, ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ ವಿಶ್ವ ಪೈಪ್ ಬ್ಯಾಂಡ್ ಸ್ಪರ್ಧೆ. ಅದೇ ಹೊತ್ತಿಗೆ ಪೈಪಿಂಗ್ ಲೈವ್ ಹಬ್ಬವೂ ಇರುತ್ತದೆ, ಊರ ನಡುವೆ ಬಿಟ್ಟಿಯಾಗಿಯೇ ಸಾಕಷ್ಟು ಕೇಳಬಹುದು.

ನನ್ನ ಮನಸ್ಸಿಗೆ ಹತ್ತಿರದ್ದು ಮಾತ್ರ ಅಕ್ಟೋಬರಿನ ರಾಯಲ್ ನ್ಯಾಷನಲ್ ಮೋಡ್. 1892ರಲ್ಲಿ ಓಬನ್‌ನಲ್ಲಿ ಮೊದಲ ಬಾರಿ ನಡೆದ ಗ್ಯಾಲಿಕ್ ಹಬ್ಬ ಇದು. ನಮ್ಮ ಸಾಹಿತ್ಯ ಸಮ್ಮೇಳನ ತಿರುಗುವ ಹಾಗೆ ಪ್ರತಿ ವರ್ಷ ಬೇರೆ ಬೇರೆ ಊರಿಗೆ ಹೋಗುತ್ತದೆ. ಬೆಳಿಗ್ಗೆ ಹೊತ್ತು ಶಾಲೆಯ ಮಕ್ಕಳು ಒಬ್ಬೊಬ್ಬರಾಗಿ ಬಂದು ವಾದ್ಯವಿಲ್ಲದೆ ಹಾಡುತ್ತಾರೆ. ತೀರ್ಪುಗಾರರು ಸಂಗೀತಕ್ಕೆ ಬೇರೆ, ಗ್ಯಾಲಿಕ್ ಉಚ್ಚಾರಕ್ಕೆ ಬೇರೆ ಅಂಕ ಕೊಡುತ್ತಾರೆ.

ಜನವರಿ ಚಳೀಲಿ ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬಹುದಾ?

ಹೋಗಬಹುದು, ಕಛೇರಿಗಳೆಲ್ಲ ಒಳಗಡೆಯೇ. ತೊಂದರೆ ಇರುವುದು ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯುವಾಗ. ಗ್ಲಾಸ್ಗೋದಲ್ಲಿ ಆಗ ಬೆಳಕು ಹರಿಯುವುದು ಎಂಟೂವರೆ ದಾಟಿ, ನಾಲ್ಕೂವರೆಗೆಲ್ಲ ಕತ್ತಲು, ಜತೆಗೆ ಗಾಳಿ ಮಳೆ. ಛತ್ರಿ ನಿಲ್ಲುವುದಿಲ್ಲ, ಟೋಪಿ ಇರುವ ಮಳೆಕೋಟು ತನ್ನಿ. ಮಧ್ಯಾಹ್ನದ ಕಾರ್ಯಕ್ರಮಗಳೂ ಇರುತ್ತವೆ, ಹಿರಿಯರಿಗೆ ಅವೇ ಒಳ್ಳೆಯದು.

ಲೂಯಿಸ್‌ಗೆ ಹೋಗುವುದಾದರೆ ಉಲ್ಲಾಪುಲ್‌ನಿಂದ ಹಡಗು, ಹತ್ತಿರ ಹತ್ತಿರ ಮೂರು ಗಂಟೆ ಪ್ರಯಾಣ. ಹಬ್ಬದ ವಾರದಲ್ಲಿ ಸೀಟು, ರೂಮು ಎರಡೂ ಬೇಗ ತುಂಬುತ್ತವೆ. ಭಾನುವಾರ ಅಲ್ಲಿ ದೇವರ ದಿನ, ಅಂಗಡಿ ಹೋಟೆಲು ಬಹುಪಾಲು ಮುಚ್ಚಿರುತ್ತವೆ, ಊಟದ ವ್ಯವಸ್ಥೆ ಶನಿವಾರವೇ ಮಾಡಿಕೊಳ್ಳಿ.

ಬ್ಯಾಗ್‌ಪೈಪ್ ಬಿಟ್ರೆ ಬೇರೆ ಏನಾದ್ರೂ ಇದೆಯಾ? ಅದರ ಸದ್ದು ನಮಗೆ ತಡೆಯಕ್ಕಾಗಲ್ಲ.

ಬೇಕಾದಷ್ಟಿದೆ. ಬೆಟ್ಟನಾಡಿನ, ಅಂದರೆ ಹೈಲ್ಯಾಂಡ್ಸ್ ಕಡೆಯ, ದೊಡ್ಡ ಬ್ಯಾಗ್‌ಪೈಪ್ ಬಯಲಿಗೆಂದೇ ಮಾಡಿದ ವಾದ್ಯ, ಮುಚ್ಚಿದ ಕೋಣೆಯಲ್ಲಿ ಕಿವಿಗೆ ಹೊಡೆಯುತ್ತದೆ. ಚಿಕ್ಕ ಮಕ್ಕಳಿದ್ದರೆ ಕಿವಿಗೆ ರಕ್ಷಣೆ ಹಾಕಿ. ಆದರೆ ಬಾಯಿಯಿಂದ ಊದದೆ ತೋಳಿನ ಕೆಳಗಿನ ತಿದಿಯಿಂದ ಗಾಳಿ ತುಂಬುವ ಸ್ಮಾಲ್‌ಪೈಪ್ಸ್ ಎಂಬ ಮೆತ್ತನೆ ದನಿಯ ತಮ್ಮನೂ ಇದೆ. ಅದನ್ನು ಕೇಳಿದ ಮೇಲೆ ಎಷ್ಟೋ ಜನ ಅಭಿಪ್ರಾಯ ಬದಲಿಸಿದ್ದಾರೆ.

ಪಿಟೀಲು ಇಲ್ಲಿನ ಜೀವ. ಡಂಕೆಲ್ಡ್ ಹತ್ತಿರದ ಇನ್ವರ್ ಎಂಬ ಹಳ್ಳಿಯ ನೀಲ್ ಗೌ (1727–1807) ಕಾಲದಿಂದ ಇಂದಿನವರೆಗೂ ಅದರ ಎಳೆ ಕಡಿದಿಲ್ಲ. ಆಮೇಲೆ ಅಕಾರ್ಡಿಯನ್, ತಗಡಿನ ವಿಸಿಲ್, ಮರದ ಕೊಳಲು. ಕ್ಲಾರ್ಸಾಕ್ ಎಂಬ ಹಾರ್ಪ್ ಇದೆ, ಪೈಪಿಗಿಂತ ಮುಂಚೆ ಗ್ಯಾಲಿಕ್ ಒಡೆಯರ ಮನೆಗಳಲ್ಲಿ ಅದಕ್ಕೇ ಮೊದಲ ಮರ್ಯಾದೆ. ಮಧ್ಯಯುಗದ ಎರಡು ಕ್ಲಾರ್ಸಾಕ್‌ಗಳು ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಎಡಿನ್‌ಬರೋಗೆ ಹೋದರೆ ಬಿಡದೆ ನೋಡಿ.

ಭಾಷೆ ಗೊತ್ತಿಲ್ಲ. ಹಾಡಿನ ಕಛೇರಿಗೆ ಹೋಗಿ ಏನು ಪ್ರಯೋಜನ?

ಹೋಗಿ, ಖಂಡಿತ ಹೋಗಿ. ಹಾಡುವವರು ಸಾಮಾನ್ಯವಾಗಿ ಪ್ರತಿ ಹಾಡಿಗೂ ಮುಂಚೆ ಕಥೆ ಹೇಳುತ್ತಾರೆ. ಮುಳುಗಿದ ದೋಣಿ, ಊರು ಬಿಟ್ಟು ಹೋದ ಪ್ರೇಮಿ, ಕಳೆದುಹೋದ ಹಸು, ಇವು ಯಾರಿಗೆ ಅರ್ಥವಾಗುವುದಿಲ್ಲ? ಗ್ಯಾಲಿಕ್ ಹಾಡಿನಲ್ಲಿ ರಾಗವನ್ನು ನಡೆಸುವುದು ಮಾತಿನ ಗತಿ. ದೀರ್ಘ ಸ್ವರ ಬಂದ ಕಡೆ ದನಿ ನಿಲ್ಲುತ್ತದೆ, ಗಿಡ್ಡ ಬಂದ ಕಡೆ ಹಾರುತ್ತದೆ. ಹಾಗಾಗಿ ಒಂದೇ ಹಾಡಿನ ಎರಡು ಚರಣಗಳ ಮಟ್ಟು ಕೂಡ ಸ್ವಲ್ಪ ಸ್ವಲ್ಪ ಬೇರೆ ಇರುತ್ತದೆ. 2022ರ ಜನಗಣತಿಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಗ್ಯಾಲಿಕ್ ಮಾತಾಡಬಲ್ಲವರು ಸುಮಾರು 70 ಸಾವಿರ ಮಾತ್ರ. ಈ ಭಾಷೆ ಹೋದರೆ ಹಾಡಿನ ಆ ನಡಿಗೆಯೂ ಹೋಗುತ್ತದೆ. ಅದಕ್ಕೇ ಇಂಥ ಕಛೇರಿಗಳಿಗೆ ಜನ ತುಂಬಬೇಕು ಎನ್ನುವುದು ನನ್ನ ಆಸೆ.

ಕೇಲಿಗೆ ಕರೆದಿದಾರೆ. ಕುಣಿಯೋಕೆ ಬರಲ್ಲ, ಕಿಲ್ಟೂ ಇಲ್ಲ.

ಎರಡೂ ಬೇಕಿಲ್ಲ, ಕುಣಿತವೂ, ಇಲ್ಲಿನ ಗಂಡಸರು ಉಡುವ ಚೌಕಳಿ ಲಂಗದಂಥ ಕಿಲ್ಟೂ. ಕೇಲಿ ಮೊದಲಿಗೆ ನೆರೆಮನೆಗೆ ಹೋಗಿ ಕಥೆ, ಹಾಡು ಎಂದು ಕೂರುತ್ತಿದ್ದ ಸಂಜೆ. ಈಗ ಹೆಚ್ಚಾಗಿ ಕುಣಿತದ ಕೂಟ. ಪ್ರತಿ ಕುಣಿತಕ್ಕೂ ಮುಂಚೆ ಒಬ್ಬರು ಮೈಕಿನಲ್ಲಿ ಹೆಜ್ಜೆ ಹೇಳಿಕೊಡುತ್ತಾರೆ. ಗೇ ಗಾರ್ಡನ್ಸ್ ಸುಲಭ, ಅದರಿಂದ ಶುರು ಮಾಡಿ. ಸ್ಟ್ರಿಪ್ ದ ವಿಲೋದಲ್ಲಿ ಕೈ ಹಿಡಿದು ಜೋರಾಗಿ ತಿರುಗಿಸುತ್ತಾರೆ, ಬಳೆ ತೆಗೆದಿಟ್ಟು ಹೋಗಿ, ಜಾರದ ಬೂಟು ಹಾಕಿ. ಸೀರೆ ಉಟ್ಟವರೂ ಕುಣಿಯುತ್ತಾರೆ, ಸ್ವಲ್ಪ ಮೇಲೆ ಕಟ್ಟಿಕೊಂಡರೆ ಆಯಿತು.

## ಸ್ವಲ್ಪ ಕೇಳಿ ರೂಢಿಯಾದ ಮೇಲೆ

ಎಲ್ಲಾ ಟ್ಯೂನೂ ಒಂದೇ ಥರ ಕೇಳ್ಸುತ್ತೆ. ನನ್ನ ಕಿವೀಲೇ ತೊಂದ್ರೆನಾ?

ಕಿವಿ ಸರಿಯಾಗಿಯೇ ಇದೆ, ಹಿಡಿದುಕೊಳ್ಳಲು ಒಂದು ಕಂಬ ಬೇಕು ಅಷ್ಟೇ. ಬಹುಪಾಲು ಕುಣಿತದ ಮಟ್ಟುಗಳಿಗೆ ಎರಡು ಭಾಗ. ಮೊದಲ ಭಾಗ ಎರಡು ಸಲ, ಎರಡನೆಯದು ಎರಡು ಸಲ. ಒಂದು ಮಟ್ಟನ್ನು ಎರಡು ಮೂರು ಬಾರಿ ನುಡಿಸಿ, ನಿಲ್ಲಿಸದೆ ಇನ್ನೊಂದಕ್ಕೆ ಹಾರುತ್ತಾರೆ. ಆ ಹಾರುವ ಜಾಗಕ್ಕಾಗಿ ಕಾಯಿರಿ, ಕೂಟವೆಲ್ಲ ಅಲ್ಲಿ ಎಚ್ಚರಾಗುತ್ತದೆ.

ಆಮೇಲೆ ಕಾಲಿನಲ್ಲಿ ತಾಳ ಹಾಕಿ ನೋಡಿ. ಒಂದು ಪೆಟ್ಟಿಗೆ ಮೂರು ಮೂರು ಬಂದರೆ ಜಿಗ್, ನಮ್ಮ ತಿಶ್ರ ನಡೆ. ನಾಲ್ಕು ನಾಲ್ಕು ಸಲೀಸಾಗಿ ಓಡಿದರೆ ರೀಲ್. ನಾಲ್ಕೇ ಇದ್ದು, ನಿಧಾನವಾಗಿ, ಗಿಡ್ಡ ಸ್ವರ ಮೊದಲು ಬಂದು ಉದ್ದದ್ದಕ್ಕೆ ಫಟ್ ಎಂದು ಜಿಗಿದರೆ ಅದು ಸ್ಟ್ರಾತ್‌ಸ್ಪೇ.

ಐರಿಶ್ಗೂ ಇದಕ್ಕೂ ಏನು ವ್ಯತ್ಯಾಸ? ನನಗೆ ಗೊತ್ತಾಗಲ್ಲ.

ಈಗ ಹೇಳಿದ ಆ ಸ್ಟ್ರಾತ್‌ಸ್ಪೇಯ ಜಿಗಿತವೇ ಮೊದಲ ಗುರುತು. ಐರ್ಲೆಂಡಿನಲ್ಲಿ ಅದು ಡೊನೆಗಾಲ್ ಕಡೆ ಬಿಟ್ಟರೆ ಕಡಿಮೆ. ಎರಡನೆಯದು ಪೈಪು. ಐರಿಶ್ ಇಲ್ಲನ್ ಪೈಪ್ಸ್ ಕೂತು ನುಡಿಸುವಂಥದ್ದು, ತಿದಿಯ ಗಾಳಿ, ಎರಡು ಸ್ಥಾಯಿ. ಸ್ಕಾಟ್ಲೆಂಡಿನದ್ದು ನಿಂತು ಊದುವಂಥದ್ದು, ಒಂದು ಸ್ಥಾಯಿಗಿಂತ ಒಂದೇ ಸ್ವರ ಹೆಚ್ಚು. ಮಟ್ಟುಗಳು ಮಾತ್ರ ಎರಡೂ ಕಡೆ ಓಡಾಡಿವೆ, ಯಾರದ್ದು ಎಂದು ಜಗಳ ಮಾಡುವುದರಲ್ಲಿ ಅರ್ಥವಿಲ್ಲ.

ಪಬ್ಬಲ್ಲಿ ಸೆಷನ್ ಅಂತ ಕೂತು ನುಡಿಸ್ತಾರಲ್ಲ, ನಾನು ಪಿಟೀಲು ತಗೊಂಡು ಹೋಗಿ ಸೇರ್ಕೋಬಹುದಾ?

ಸೇರಬಹುದು, ಕೇಳಿಕೊಂಡು. ಎಡಿನ್‌ಬರೋದ ಸ್ಯಾಂಡಿ ಬೆಲ್ಸ್‌ನಂಥ ಹಳೆಯ ಜಾಗಗಳಲ್ಲಿ ವರ್ಷಗಳಿಂದ ಇದು ನಡೆದು ಬಂದಿದೆ. ಮೊದಲು ಪಕ್ಕದಲ್ಲಿ ಕೂತು ಕೇಳಿ, ವಾದ್ಯ ಪೆಟ್ಟಿಗೆಯಲ್ಲೇ ಇರಲಿ. ಯಾರಾದರೂ ಕಂಡರೆ ಅವರೇ ಕರೆಯುತ್ತಾರೆ. ನಿಮಗೆ ಗೊತ್ತಿರುವ ಮಟ್ಟು ಬಂದರೆ ಮಾತ್ರ ಕೈ ಹಾಕಿ. ಗೊತ್ತಿಲ್ಲದ್ದಕ್ಕೆ ಸುಮ್ನೆ ಕೂರುವುದೇ ಮರ್ಯಾದೆ. ಮನೋಧರ್ಮ ವಿಸ್ತಾರಕ್ಕೆ ಇಲ್ಲಿ ಜಾಗ ಇಲ್ಲ, ಎಲ್ಲರೂ ಒಂದೇ ಮಟ್ಟನ್ನು ಒಟ್ಟಿಗೆ ನುಡಿಸುತ್ತಾರೆ. ತಾಳವಾದ್ಯ ತಂದವರು ಇನ್ನೂ ಹುಷಾರಾಗಿರಬೇಕು, ಒಂದೇ ಡೋಲು ಇದ್ದರೆ ಸಾಕು, ಎರಡಾದರೆ ಪಿಟೀಲು ಮುಳುಗುತ್ತದೆ. ಕೇಳದೆ ವೀಡಿಯೊ ಮಾಡಬೇಡಿ. ಒಬ್ಬರು ಹಾಡಲು ಶುರು ಮಾಡಿದರೆ ಇಡೀ ಪಬ್ಬು ಗಪ್‌ಚುಪ್ ಆಗುತ್ತದೆ, ನೀವೂ ಲೋಟ ಕೆಳಗಿಡಿ.

ಇಂಗ್ಲಿಷರು ಬ್ಯಾಗ್‌ಪೈಪನ್ನೇ ನಿಷೇಧ ಮಾಡಿದ್ರಂತೆ, ನಿಜಾನಾ?

ಟೂರ್ ಗೈಡುಗಳು ಹೇಳುವ ಕಥೆ ಇದು. 1746ರಲ್ಲಿ ಕಲೋಡನ್ ಯುದ್ಧದಲ್ಲಿ ಬಂಡಾಯದ ಪಡೆ ಸೋತ ನಂತರ ಬಂದ ಕಾನೂನು ಬೆಟ್ಟನಾಡಿನವರ ಆಯುಧ ಕಿತ್ತುಕೊಂಡಿತು, ಅವರ ಉಡುಪನ್ನು 1782ರವರೆಗೂ ನಿಷೇಧಿಸಿತು. ಪೈಪಿನ ಹೆಸರು ಆ ಕಾನೂನಿನಲ್ಲಿಲ್ಲ. ಗೊಂದಲಕ್ಕೆ ಒಂದು ಕಾರಣ, ಬಂಡಾಯದ ಪಡೆಯವನೆಂದು ವಿಚಾರಣೆಗೆ ಗುರಿಯಾದ ಜೇಮ್ಸ್ ರೀಡ್ ಎಂಬ ಪೈಪರ್. ನಾನು ಕತ್ತಿ ಹಿಡಿದವನಲ್ಲ, ಬರೀ ಪೈಪು ನುಡಿಸಿದವನು ಎಂಬುದು ಅವನ ವಾದ. ಬೆಟ್ಟನಾಡಿನ ಪಡೆ ಪೈಪರ್ ಇಲ್ಲದೆ ಹೊರಡುವುದೇ ಇಲ್ಲ, ಆದ್ದರಿಂದ ಅದೂ ಯುದ್ಧದ ಸಾಧನವೇ ಎಂದು ನ್ಯಾಯಾಲಯ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಯಾರ್ಕ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ಪೈಪಿಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಕುಲದ ಒಡೆಯರು ಬರೀ ಜಮೀನ್ದಾರರಾದರು, ಮನೆತನದ ಪೈಪರ್‌ಗೆ ಕೊಡುತ್ತಿದ್ದ ಭೂಮಿ ನಿಂತಿತು. ಆಮೇಲೆ ಅದನ್ನು ಉಳಿಸಿದ್ದರಲ್ಲಿ ಸೈನ್ಯದ ಪಾಲು ದೊಡ್ಡದು. ಅದೇ ದಾರಿಯಲ್ಲಿ ಅದು ಭಾರತದ ಸೇನೆಗೂ ಬಂತು, ನಮ್ಮ ರೆಜಿಮೆಂಟುಗಳ ಪೈಪ್ ಬ್ಯಾಂಡುಗಳನ್ನು ಗಣರಾಜ್ಯೋತ್ಸವದ ಹೊತ್ತಿನಲ್ಲಿ ನೋಡಿರುತ್ತೀರಿ ಅಲ್ವಾ?

ಹೆಂಗಸರು ಮೇಜು ಬಡಿದು ಹಾಡ್ತಿದ್ರು. ಅದೇನದು?

ಉಣ್ಣೆ ಬಟ್ಟೆ ಬಡಿಯುವ ಹಾಡು. ಮಗ್ಗದಿಂದ ಇಳಿದ ಟ್ವೀಡ್ ಬಟ್ಟೆ ಗಾಳಿ ತಡೆಯುವಷ್ಟು ದಪ್ಪವಾಗಬೇಕಾದರೆ ನೆನೆಸಿ ಗಂಟೆಗಟ್ಟಲೆ ಬಡಿಯಬೇಕು. ಹಳೆಯ ಕಾಲದಲ್ಲಿ ನೆನೆಸಲು ಹುಳಿತ ಮೂತ್ರ ಬಳಸುತ್ತಿದ್ದರು, ಅದರಲ್ಲಿನ ಅಮೋನಿಯಾಕ್ಕಾಗಿ. ಉದ್ದನೆ ಹಲಗೆಯ ಎರಡೂ ಕಡೆ ಹೆಂಗಸರು ಕೂರುತ್ತಾರೆ. ಬಟ್ಟೆಯನ್ನು ಕುಕ್ಕಿ, ಎಳೆದು, ಪಕ್ಕದವಳಿಗೆ ಸರಿಸುತ್ತಾರೆ. ಅದು ಸುತ್ತುವುದು ಸೂರ್ಯನ ದಿಕ್ಕಿಗೇ, ತಿರುಗಿಸಿದರೆ ಅಪಶಕುನ. ಒಬ್ಬಳು ಸಾಲು ಹೇಳುತ್ತಾಳೆ, ಉಳಿದವರು ಅರ್ಥವಿಲ್ಲದ ಅಕ್ಷರಗಳ ಪಲ್ಲವಿ ಕೂಡಿಸುತ್ತಾರೆ. ಕೆಲವು ಹಾಡು ಮುನ್ನೂರು, ನಾನೂರು ವರ್ಷ ಹಳೆಯವು. ಗಂಡಸರ ಇತಿಹಾಸ ಪುಸ್ತಕದಲ್ಲಿ ಇಲ್ಲದ ಎಷ್ಟೋ ಸಂಗತಿ, ಯಾರು ಯಾರನ್ನು ಕೊಂದರು, ಯಾವ ಹುಡುಗಿಗೆ ಮೋಸವಾಯಿತು, ಎಲ್ಲ ಅಲ್ಲಿದೆ. ಕೆಲಸ ನಿಂತು ಹೋಗಿದೆ. ವೇದಿಕೆಯಲ್ಲಿ ಮಾಡಿ ತೋರಿಸುವಾಗಲೂ ಒದ್ದೆ ಬಟ್ಟೆ ಹಲಗೆಗೆ ಬೀಳುವ ಆ ಪೆಟ್ಟು ನೆಲದಲ್ಲಿ ಕಾಲಿಗೆ ತಾಗುತ್ತದೆ. ನಮ್ಮ ಬೀಸುವ ಪದ, ಕುಟ್ಟುವ ಪದ ಕೇಳಿ ಬೆಳೆದವರು ಮುಂದಿನ ಸಾಲಿನಲ್ಲೇ ಕೂರಿ.

ನಾವು ಕೆನಡಾದಲ್ಲಿದೀವಿ. ಅಷ್ಟು ದೂರ ಬರೋಕಾಗಲ್ಲ.

ನೋವಾ ಸ್ಕೋಶಿಯಾದ ಕೇಪ್ ಬ್ರೆಟನ್‌ಗೆ ಹೋಗಿ. ಜಮೀನಿನಿಂದ ಒಕ್ಕಲೆಬ್ಬಿಸಿದ ಬೆಟ್ಟನಾಡಿನವರು ಸಾವಿರಗಟ್ಟಲೆ ಅಲ್ಲಿಗೆ ಹೋದರು, ಪಿಟೀಲು, ಹೆಜ್ಜೆ ಕುಣಿತ, ಗ್ಯಾಲಿಕ್ ಎಲ್ಲ ಹೊತ್ತುಕೊಂಡು. ಅಲ್ಲಿ 1997ರಿಂದ ಪ್ರತಿ ಅಕ್ಟೋಬರಿನಲ್ಲಿ ಸೆಲ್ಟಿಕ್ ಕಲರ್ಸ್ ಹಬ್ಬ ನಡೆಯುತ್ತದೆ, ದ್ವೀಪದ ಹಳ್ಳಿ ಹಳ್ಳಿಯ ಸಭಾಭವನಗಳಲ್ಲಿ. ಬಟ್ಟೆ ಬಡಿಯುವ ಹಾಡನ್ನು ಅಲ್ಲಿ ಗಂಡಸರೂ ಕೂತು ಹಾಡುತ್ತಾರೆ.

## ಸಂಗೀತ ಕಲಿತವರ ಪ್ರಶ್ನೆಗಳು

ಪೈಪರ್ ನುಡಿಸ್ತಿರೋದು ಮೋಹನ ಅನ್ಸುತ್ತೆ, ಮಧ್ಯಮಾವತಿನೂ ಅನ್ಸುತ್ತೆ. ಭ್ರಮೆನಾ?

ಭ್ರಮೆ ಅಲ್ಲ, ಸ್ವರಗಳ ಮಟ್ಟಿಗೆ ನಿಜ. ಪೈಪಿನಲ್ಲಿ ಬೆರಳಾಡಿಸಿ ನುಡಿಸುವ ಕೊಳವೆಯಲ್ಲಿ, ಅಂದರೆ ಚಾಂಟರ್‌ನಲ್ಲಿ, ಇರುವುದು ಒಂಬತ್ತೇ ಸ್ವರ. ಹಿಂದೆ ಒಂದೇ ಸ್ವರ ಮೊರೆಯುವ ಡ್ರೋನ್ ಕೊಳವೆಗಳನ್ನು ಷಡ್ಜ ಎಂದಿಟ್ಟುಕೊಳ್ಳಿ. ಆಗ ಚಾಂಟರ್‌ನಲ್ಲಿ ಸಿಗುವುದು ಹರಿಕಾಂಭೋಜಿಯ ಸ್ವರಗಳು, ಜತೆಗೆ ಷಡ್ಜದ ಕೆಳಗೆ ಒಂದು ನಿಷಾದ. ಬಹಳ ಮಟ್ಟುಗಳು ಐದೇ ಸ್ವರ ಬಳಸುತ್ತವೆ. ಮ, ನಿ ಬಿಟ್ಟರೆ ಮೋಹನ. ಗ, ನಿ ಬಿಟ್ಟರೆ ಶುದ್ಧ ಸಾವೇರಿ. ಗ, ಧ ಬಿಟ್ಟರೆ ಮಧ್ಯಮಾವತಿ.

ರಾಗ ಎಂದು ಮಾತ್ರ ಕರೆಯಬೇಡಿ, ನಮ್ಮ ಗಮಕ ಇಲ್ಲ, ಸಂಚಾರದ ಕಟ್ಟುಪಾಡೂ ಬೇರೆ. ಇಲ್ಲಿನ ಸೊಗಸು ಇನ್ನೊಂದು ಕಡೆ ಇದೆ. ಡ್ರೋನ್ ಷಡ್ಜದಲ್ಲೇ ನಿಂತಿರುವಾಗ ಮಟ್ಟು ತನ್ನ ಭಾರವನ್ನು ಪೂರಾ ನಿಷಾದಕ್ಕೆ ಹಾಕಿ ಒಂದು ಸಾಲು ನಡೆದು, ಮುಂದಿನ ಸಾಲಿಗೆ ವಾಪಸ್ ಷಡ್ಜಕ್ಕೆ ಬರುತ್ತದೆ. ಆ ತಿಕ್ಕಾಟ, ಆಮೇಲೆ ಬಿಡುಗಡೆ. ಅದನ್ನು ಒಮ್ಮೆ ಹಿಡಿದರೆ ಪೈಪಿನ ಮಟ್ಟುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಶ್ರುತಿ ಎಷ್ಟು ಎಂದು ಕೇಳುವವರಿಗೆ, ಇವತ್ತಿನ ಪೈಪುಗಳು ಆರೂವರೆ ಮನೆಗೂ ಏಳಕ್ಕೂ ನಡುವೆ ಕೂರುತ್ತವೆ.

ಸ್ವರ ಸ್ವರಕ್ಕೂ ಅಷ್ಟೊಂದು ಚಿಟಿಚಿಟಿ ಯಾಕೆ ಸೇರಿಸ್ತಾರೆ?

ಬೇರೆ ದಾರಿ ಇಲ್ಲ. ಚೀಲದಲ್ಲಿ ಗಾಳಿ ಇರುವವರೆಗೆ ಚಾಂಟರ್ ನಿಲ್ಲುವುದೇ ಇಲ್ಲ. ನಾಲಿಗೆಯಿಂದ ತಡೆಯಲಾಗದು, ಜೋರು ಮೆಲ್ಲ ಮಾಡಲಾಗದು. ಒಂದೇ ಸ್ವರ ಎರಡು ಸಲ ಬೇಕೆಂದರೆ ನಡುವೆ ಇನ್ನೊಂದನ್ನು ಮಿಂಚಿಸಿ ಕತ್ತರಿಸಬೇಕು. ಒತ್ತು ಬೇಕಾದ ಕಡೆಯೂ ಈ ಚಿಕ್ಕ ಸ್ವರಗಳೇ. ಕಿರುಬೆರಳನ್ನು ಕೆಳಗಿನ ತೂತಿನ ಮೇಲೆ ಎರಡು ಸಲ ಸರ್ರನೆ ಎಳೆಯುವ ಬರ್ಲ್ ಎಂಬುದನ್ನು ಸರಿಯಾಗಿ ತರಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಪೀಬ್ರಾಕ್ ಅಂತ ಕೇಳಿದೆ, ಬೋರಾಯ್ತು. ನಾನು ಏನು ಮಿಸ್ ಮಾಡ್ದೆ?

ಬಹುಶಃ ಶುರುವನ್ನೇ. ಪೀಬ್ರಾಕ್ ಪೈಪಿನ ದೊಡ್ಡ ಸಂಗೀತ. ಮೆರವಣಿಗೆ, ಕುಣಿತದ ಮಟ್ಟುಗಳು ಚಿಕ್ಕ ಸಂಗೀತ. ಒಬ್ಬರೇ ನುಡಿಸುವುದು, ಹತ್ತು ಹದಿನೈದು ನಿಮಿಷ. ಮೊದಲು ಊರ್ಲರ್, ಅಂದರೆ ನೆಲ. ನಿಧಾನದ, ಬಿಡಿ ಬಿಡಿಯಾದ ಮಟ್ಟು. ಆಮೇಲೆ ಆ ನೆಲದ ಮುಖ್ಯ ಸ್ವರಗಳನ್ನು ಮಾತ್ರ ಇಟ್ಟುಕೊಂಡು ಒಂದೊಂದು ಸುತ್ತಿಗೂ ಬೆರಳಾಟ ಬಿಗಿಯಾಗುತ್ತದೆ, ಕೊನೆಯ ಕ್ರೂನ್ಲೂವ ಸುತ್ತಿನಲ್ಲಿ ಪ್ರತಿ ಸ್ವರಕ್ಕೂ ಒಂದು ಗೊಂಚಲು. ಅಲ್ಲಿಂದ ಮತ್ತೆ ನೆಲಕ್ಕೆ ಬಂದು ಮುಗಿಸುತ್ತಾರೆ. ನೆಲ ನೆನಪಿನಲ್ಲಿ ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ಬೆರಳಿನ ಕಸರತ್ತಾಗಿ ಕೇಳುತ್ತದೆ.

ಇನ್ನೂ ಹಿಂದಿನಿಂದ ಕೇಳಿ. ಪೈಪರ್ ಬಂದ ಕೂಡಲೇ ನುಡಿಸುವುದಿಲ್ಲ. ಮೆಲ್ಲಗೆ ನಡೆಯುತ್ತಾ, ಚಾಂಟರ್‌ನಲ್ಲಿ ಒಂದು ಸ್ವರ ಹಿಡಿದು, ಒಂದು ಕೈ ಮೇಲೆತ್ತಿ ಡ್ರೋನ್ ಕೊಳವೆಯ ತುದಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಎರಡು ಡ್ರೋನ್‌ಗಳ ನಡುವೆ ವ್ಯಾಂವ್ ವ್ಯಾಂವ್ ಎಂದು ಅಲೆ ಏಳುತ್ತಿರುತ್ತದೆ. ಅಲೆ ನಿಧಾನವಾಗುತ್ತದೆ, ಇನ್ನೂ ನಿಧಾನ, ಆಮೇಲೆ ಇಲ್ಲವೇ ಇಲ್ಲ. ಮೂರೂ ಕೊಳವೆ ಒಂದೇ ದನಿ. ತಂಬೂರಿ ಮಿಡಿದು ಬೆಳೆದ ಕಿವಿಗೆ ಇದನ್ನು ವಿವರಿಸಬೇಕಿಲ್ಲ.

ಕಲಿಸುವುದು ಹಾಡಿಯೇ. ಕಾಂಟರಾಕ್ ಎಂಬ ಪದ್ಧತಿಯಲ್ಲಿ ಪ್ರತಿ ಸ್ವರಕ್ಕೂ ಬೆರಳಿನ ಪಟ್ಟಿಗೂ ಒಂದೊಂದು ಅಕ್ಷರ. ಸ್ಕೈ ದ್ವೀಪದ ಬೊರೆರೇಗ್‌ನಲ್ಲಿ ಮೆಕ್ರಿಮನ್ ಮನೆತನದವರು ಡನ್ವೆಗನ್ನಿನ ಮೆಕ್ಲಾಡ್ ಒಡೆಯರಿಗೆ ತಲೆತಲಾಂತರದಿಂದ ಪೈಪರ್‌ಗಳಾಗಿದ್ದು, ಶಿಷ್ಯರಿಗೆ ಹೀಗೇ ಬಾಯಿಪಾಠ ಮಾಡಿಸುತ್ತಿದ್ದರು. ಇವತ್ತು ಪೀಬ್ರಾಕ್‌ನ ದೊಡ್ಡ ಚಿನ್ನದ ಪದಕಗಳು ಓಬನ್ ಮತ್ತು ಇನ್ವರ್ನೆಸ್ ಸ್ಪರ್ಧೆಗಳಲ್ಲಿ ಸಿಗುತ್ತವೆ. ಪ್ರೇಕ್ಷಕರು ಕಡಿಮೆ, ಬಂದವರು ಅಲುಗದೆ ಕೂತಿರುತ್ತಾರೆ.

ದೀಕ್ಷಿತರ ನೊಟ್ಟುಸ್ವರಕ್ಕೂ ಇದಕ್ಕೂ ನಂಟಿದೆಯಂತೆ?

ಇದೆ. ಮುತ್ತುಸ್ವಾಮಿ ದೀಕ್ಷಿತರು (1775–1835) ಮದ್ರಾಸಿನ ಕಡೆ ಇದ್ದಾಗ ಕಂಪನಿಯವರ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತದ ಸಾಹಿತ್ಯ ಕಟ್ಟಿದರು. ಅವುಗಳಲ್ಲಿ ಐರ್ಲೆಂಡು, ಸ್ಕಾಟ್ಲೆಂಡಿನ ಕಡೆಯ ಮಟ್ಟುಗಳೂ ಸೇರಿವೆ. ‘ವಂದೇ ಮೀನಾಕ್ಷಿ’ಯ ಮಟ್ಟು ಒಂದು ಐರಿಶ್ ಮಟ್ಟಿನದು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನ ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ಸೆಷನ್ನಿನಲ್ಲಿ ನಿಮ್ಮ ಸರದಿ ಬಂದು ಏನು ನುಡಿಸಲಿ ಎಂದು ತೋಚದಿದ್ದರೆ ಒಂದು ನೊಟ್ಟುಸ್ವರ ನುಡಿಸಿ, ಎರಡನೇ ಸುತ್ತಿಗೆ ಅವರೂ ಸೇರಿಕೊಳ್ಳುತ್ತಾರೆ.

ಬ್ಯಾಗ್‌ಪೈಪ್ ಕಲೀಬೇಕು. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗ್ತಿದೆ, ತಗೊಳ್ಲಾ?

ಬೇಡ. ಶುರುವಿಗೆ ಬೇಕಾದದ್ದು ಪ್ರಾಕ್ಟೀಸ್ ಚಾಂಟರ್ ಮಾತ್ರ, ಚೀಲವೇ ಇಲ್ಲದ ಕೊಳವೆ. ಆರು ತಿಂಗಳಿಂದ ವರ್ಷ ಅದರ ಮೇಲೆಯೇ. ಅಲಂಕಾರಕ್ಕೆಂದು ಮಾಡಿದ ಅಗ್ಗದ ಪೈಪುಗಳಲ್ಲಿ ದನಿ ಹುಟ್ಟಿಸುವ ರೀಡ್ ಎಂಬ ಪಟ್ಟಿ ಸರಿಯಾಗಿ ಕೂರುವುದಿಲ್ಲ, ಗಾಳಿ ಸೋರುತ್ತದೆ, ಶ್ರುತಿ ನಿಲ್ಲುವುದಿಲ್ಲ, ಕಲಿಯುವವರು ತಮ್ಮದೇ ತಪ್ಪು ಎಂದುಕೊಂಡು ಬಿಟ್ಟುಬಿಡುತ್ತಾರೆ. ಗ್ಲಾಸ್ಗೋದ ನ್ಯಾಷನಲ್ ಪೈಪಿಂಗ್ ಸೆಂಟರ್ ದೂರದಿಂದಲೂ ಪಾಠ ಹೇಳುತ್ತದೆ. ಕೊಳಲು ನುಡಿಸುವವರಿಗೆ ಇನ್ನೂ ಹತ್ತಿರದ ದಾರಿ, ಡಿ ಶ್ರುತಿಯ ತಗಡಿನ ವಿಸಿಲ್. ಆರು ತೂತು, ಬೆಲೆ ಕಡಿಮೆ.

ಡ್ರಮ್ಸು, ಸಿಂಥು ಎಲ್ಲಾ ಸೇರಿಸ್ತಾರೆ. ಇದನ್ನ ಪರಂಪರೆ ಅನ್ನೋಕಾಗುತ್ತಾ?

ಕಲಿತ ದಾರಿ ನೋಡಿ ಹೇಳಬೇಕು, ವೇದಿಕೆ ಮೇಲಿನ ಯಂತ್ರ ನೋಡಿ ಅಲ್ಲ. ಮಾರ್ಟಿನ್ ಬೆನೆಟ್ (1971–2005) ಹಳೆಯ ಅಲೆಮಾರಿ ಹಾಡುಗಾರರ ಮುದ್ರಿತ ದನಿಗಳನ್ನು ಕುಣಿತದ ಬೀಟಿನೊಳಗೆ ಇಟ್ಟರು. ಅವರು ಚಿಕ್ಕಂದಿನಿಂದ ಪೈಪು ಕಲಿತವರು, ಆ ಹಾಡುಗಳ ಉಸಿರು ಎಲ್ಲಿ ಎಂದು ಬಲ್ಲವರು. ಅದಕ್ಕೇ ಆ ಮುದುಕಿಯರ ದನಿ ಬೀಟಿನಲ್ಲಿ ಮುಳುಗದೆ ಮೇಲೆ ನಿಂತಿತು. ಗೊತ್ತಿಲ್ಲದವರು ಮಾಡಿದ್ದೂ ಕೇಳಿದ್ದೇನೆ, ಮಟ್ಟು ಬರೀ ಬಣ್ಣದ ಕಾಗದವಾಗುತ್ತದೆ.

ಪರಂಪರೆ ನಿಜವಾಗಿ ಉಳಿದಿರುವುದು ಹಬ್ಬದ ದೀಪಗಳಿಗಿಂತ ಕಲಿಕೆಯ ಜಾಗಗಳಲ್ಲಿ. 1981ರಲ್ಲಿ ಬಾರಾ ದ್ವೀಪದಲ್ಲಿ ಊರಿನವರೇ ಸೇರಿ, ನಮ್ಮ ಮಕ್ಕಳಿಗೆ ನಮ್ಮ ಹಾಡು ಬರುತ್ತಿಲ್ಲ ಎಂದು ಒಂದು ಕಲಿಕೆಯ ಶಿಬಿರ ಮಾಡಿದರು. ಅದು ಫೇಶ್ ಎಂಬ ಚಳವಳಿಯಾಗಿ ದೇಶವೆಲ್ಲ ಹಬ್ಬಿತು. ಇವತ್ತು ಸೆಲ್ಟಿಕ್ ಕನೆಕ್ಷನ್ಸ್ ವೇದಿಕೆಯಲ್ಲಿ ಕಾಣುವ ಎಷ್ಟೋ ಯುವಕ ಯುವತಿಯರು ಅಂಥ ಶಿಬಿರಗಳಿಂದ ಬಂದವರು. ಗ್ಲಾಸ್ಗೋದ ಸಂಗೀತ ವಿದ್ಯಾಲಯದಲ್ಲಿ 1996ರಿಂದ ಈ ಸಂಗೀತಕ್ಕೆ ಪದವಿಯೂ ಇದೆ.

ಹಳೇ ಹಾಡುಗಾರರನ್ನ, ಸ್ಟುಡಿಯೋ ಮಾಡಿದ್ದಲ್ಲದೆ, ಅವರ ಮನೆ ದನೀಲೇ ಕೇಳ್ಬೇಕು. ಎಲ್ಲಿ ಸಿಗುತ್ತೆ?

ಟೋಬರ್ ಅನ್ ಡುಯಲ್ಕಸ್ ಎಂಬ ಜಾಲತಾಣದಲ್ಲಿ, ಬಿಟ್ಟಿಯಾಗಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್ ಶುರುವಾದಾಗ ಹೇಮಿಶ್ ಹೆಂಡರ್ಸನ್ ಮುಂತಾದವರು ಭಾರದ ಟೇಪ್ ರೆಕಾರ್ಡರ್ ಹೊತ್ತು ಹೊಲ, ಅಲೆಮಾರಿಗಳ ಡೇರೆ, ದ್ವೀಪಗಳ ಅಡುಗೆಮನೆಗಳಿಗೆ ಹೋದರು. ಆ ಟೇಪುಗಳು, ಬಿಬಿಸಿಯ ಹಳೆಯ ಮುದ್ರಣಗಳು, ಕ್ಯಾನಾ ದ್ವೀಪದ ಸಂಗ್ರಹ ಎಲ್ಲ ಅಲ್ಲಿ ಒಟ್ಟಿಗೆ ಸಿಗುತ್ತವೆ. ಜೀನಿ ರಾಬರ್ಟ್‌ಸನ್ (1908–1975) ಹೆಸರಿನಿಂದ ಶುರು ಮಾಡಿ. ಅಬರ್ಡೀನಿನ ಅಲೆಮಾರಿ ಕುಟುಂಬದವರು, ಉದ್ದುದ್ದ ಲಾವಣಿಗಳನ್ನು ಒಂದು ಚೂರೂ ಅವಸರವಿಲ್ಲದೆ ಹಾಡುತ್ತಾರೆ. ಆಮೇಲೆ ಒಂದು ದ್ವೀಪದ ಹೆಸರು ಹಾಕಿ ಹುಡುಕಿ, ಬಾರಾ ಅಥವಾ ದಕ್ಷಿಣ ಯೂಯಿಸ್ಟ್. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಹಾಡಿನ ಜೊತೆ ಕುರ್ಚಿ ಕಿರುಗುಟ್ಟುವುದು, ಪಕ್ಕದವರು ಗ್ಯಾಲಿಕ್‌ನಲ್ಲಿ ಒಂದು ಮಾತು ಸೇರಿಸುವುದೂ ಅದರಲ್ಲಿದೆ.